ಟ್ರಾಕ್ಟರ್ ಲೋಡರ್‌ಗೆ ಹೈಡ್ರಾಲಿಕ್ ವಾಲ್ವ್ ಜೋಡಿಸುವುದು: ಎಣ್ಣೆ ಹೋಗುವ ದಾರಿ, ಬರುವ ದಾರಿ

ಎರಡು ಲಿವರ್‌ನ ಲೋಡರ್ ವಾಲ್ವ್ ಒಂದನ್ನು ಟೇಬಲ್ ಮೇಲಿಟ್ಟು ನೋಡಿ. ಬೀಡಿನ ಒಂದು ಗಟ್ಟಿ ತುಂಡು, ಮೈತುಂಬ ತೂತು, ಪ್ರತಿ ತೂತಿಗೂ ಒಂದು ಪ್ಲಾಸ್ಟಿಕ್ ಬಿರಡೆ. ಬಿರಡೆ ಪಕ್ಕದಲ್ಲಿ ಎರಕದಲ್ಲೇ ಮೂಡಿದ ಸಣ್ಣ ಅಕ್ಷರಗಳು: ಪಿ, ಟಿ, ಎ, ಬಿ. ಬಣ್ಣ ದಪ್ಪಗೆ ಬಳಿದಿದ್ದರೆ ಅದೂ ಕಾಣುವುದಿಲ್ಲ, ಉಗುರಿನಿಂದ ಕೆರೆದು ಓದಬೇಕು. ಲೋಡರ್ ಕೆಲಸ ಸರಿಯಾಗುವುದೂ ಕೆಡುವುದೂ ಈ ಅಕ್ಷರಗಳಿಗೆ ಯಾವ ಪೈಪು ಸೇರಿತು ಎನ್ನುವುದರ ಮೇಲೆ.

ನಾನು ಮೊದಲ ಸಲ ತಿಪ್ಪೆ ಗೊಬ್ಬರ ತುಂಬಲು ಟ್ರಾಕ್ಟರ್ ಮುಂದಕ್ಕೆ ಲೋಡರ್ ಕಟ್ಟಿಸಿದಾಗ ವಾಲ್ವ್ ಕೊಟ್ಟ ಅಂಗಡಿಯವರು, "ಪಂಪಿನಿಂದ ಇಲ್ಲಿಗೆ ಕೊಡಿ, ಇಲ್ಲಿಂದ ಹಿಂದಿನ ಲಿಫ್ಟ್‌ಗೆ ಕೊಡಿ, ಅಷ್ಟೇ" ಅಂದರು. ಹಾಗೆಯೇ ಮಾಡಿದೆ. ಮೂರು ದಿನ ಬಕೆಟ್ ಚೆನ್ನಾಗಿ ಎದ್ದಿತು, ಇಳಿಯಿತು. ನಾಲ್ಕನೇ ದಿನ ಹಿಂದೆ ಕಲ್ಟಿವೇಟರ್ ಕಟ್ಟಿ ಲಿಫ್ಟ್ ಎತ್ತಿದ ಕೂಡಲೇ ಲೋಡರ್ ಲಿವರ್‌ನ ಬುಡದಿಂದ ಚಿರ್ರೆಂದು ಎಣ್ಣೆ ಚಿಮ್ಮಿತು. ಎಂಜಿನ್ ಆರಿಸುವಷ್ಟರಲ್ಲಿ ನೆಲವೆಲ್ಲ ಎಣ್ಣೆ. ಪಕ್ಕದೂರಿನ ಹಳೆಯ ಮೆಕ್ಯಾನಿಕ್ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಎಣ್ಣೆ ಹೋಗೋ ದಾರಿ ನೋಡ್ಕಂಡಿದೀರ, ಬರೋ ದಾರಿ ಎಲ್ಲೈತೆ?"

ಆ ಪ್ರಶ್ನೆಯೇ ಈ ಬರಹದ ಬೆನ್ನೆಲುಬು. ನಮ್ಮಲ್ಲಿ ಹೆಚ್ಚಾಗಿರುವ 40ರಿಂದ 55 ಎಚ್‌ಪಿ ಟ್ರಾಕ್ಟರ್‌ಗೆ ಎರಡು ಲಿವರ್‌ನ ವಾಲ್ವ್ ಕೂರಿಸಿ, ಹಿಂದಿನ ಲಿಫ್ಟ್ ಕೂಡ ಎಂದಿನಂತೆ ಕೆಲಸ ಮಾಡುವ ಹಾಗೆ ಜೋಡಿಸುವುದು ಹೇಗೆ ಎಂದು ಹಂತ ಹಂತವಾಗಿ ಹೇಳುತ್ತೇನೆ.

ನಿಮ್ಮ ಟ್ರಾಕ್ಟರ್‌ನ ಪಂಪ್ ಯಾವ ಬಗೆಯದು?

ವಾಲ್ವ್ ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು. ನಮ್ಮ ಟ್ರಾಕ್ಟರ್‌ಗಳಲ್ಲಿ ಬಹುಪಾಲು ಇರುವುದು ಗೇರ್ ಪಂಪ್. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಅದು ಎಣ್ಣೆ ತಳ್ಳುತ್ತಲೇ ಇರುತ್ತದೆ. ನೀವು ಲಿವರ್ ಮುಟ್ಟಲಿ ಬಿಡಲಿ, ಅದಕ್ಕೆ ಬಿಡುವು ಗೊತ್ತಿಲ್ಲ. ಹಾಗಾಗಿ ಯಾರೂ ಕೆಲಸ ಕೇಳದಿದ್ದಾಗ ಆ ಎಣ್ಣೆ ವಾಲ್ವಿನ ನಡುವಿನಿಂದ ಸುಮ್ಮನೆ ಹರಿದು ಮತ್ತೆ ಸಂಪಿಗೆ, ಅಂದರೆ ಎಣ್ಣೆ ನಿಂತಿರುವ ತೊಟ್ಟಿಗೆ, ಬರಬೇಕು. ಇದನ್ನು ಓಪನ್ ಸೆಂಟರ್ ವ್ಯವಸ್ಥೆ ಎನ್ನುತ್ತಾರೆ.

ಕೆಲವು ದೊಡ್ಡ ಟ್ರಾಕ್ಟರ್‌ಗಳಲ್ಲಿ ಬೇಕಾದಾಗ ಮಾತ್ರ ಎಣ್ಣೆ ಕೊಡುವ ಪಿಸ್ಟನ್ ಪಂಪ್ ಇರುತ್ತದೆ. ಅದು ಕ್ಲೋಸ್ಡ್ ಸೆಂಟರ್. ಅಲ್ಲಿ ವಾಲ್ವಿನ ನಡುದಾರಿ ಮುಚ್ಚಿರುತ್ತದೆ, ಒತ್ತಡ ಬಾಗಿಲಲ್ಲಿ ಕಾದು ನಿಂತಿರುತ್ತದೆ. ಇವೆರಡನ್ನೂ ಅದಲುಬದಲು ಮಾಡಿದರೆ ಕೇಡು ಖಂಡಿತ. ಗೇರ್ ಪಂಪಿಗೆ ಕ್ಲೋಸ್ಡ್ ಸೆಂಟರ್ ವಾಲ್ವ್ ಹಾಕಿದರೆ ಪಂಪ್ ಇಡೀ ದಿನ ಗೋಡೆಗೆ ತಲೆ ಚಚ್ಚಿಕೊಂಡಂತೆ, ಒತ್ತಡ ಮಿತಿ ಮೀರಿದಾಗ ಎಣ್ಣೆ ಹೊರಬಿಡುವ ರಿಲೀಫ್ ವಾಲ್ವ್ ಮೇಲೆಯೇ ಓಡುತ್ತದೆ. ಕ್ಲೋಸ್ಡ್ ಸೆಂಟರ್ ಪಂಪಿಗೆ ಓಪನ್ ಸೆಂಟರ್ ವಾಲ್ವ್ ಹಾಕಿದರೆ ಒತ್ತಡ ನಿಲ್ಲುವುದೇ ಇಲ್ಲ, ಎಣ್ಣೆ ಕಾಯುತ್ತದೆ.

ಮೂರನೆಯ ಬಗೆಯೊಂದಿದೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಹ್ಯಾರಿ ಫರ್ಗೂಸನ್ 1936ರಲ್ಲಿ ಬ್ರಿಟನ್ನಿನಲ್ಲಿ ಹೊರತಂದ ಟ್ರಾಕ್ಟರ್‌ನಿಂದ ಬಂದ ಪದ್ಧತಿ ಅದು. ಹಳೆಯ ಮ್ಯಾಸಿ ಫರ್ಗೂಸನ್ 135, ನಮ್ಮ 1035 ಇದೇ ವಂಶದವು. ಇವುಗಳಲ್ಲಿ ಪಿಸ್ಟನ್ ಪಂಪ್ ಹಿಂದಿನ ಹೌಸಿಂಗ್‌ನ ಒಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ, ಹಿಂದೆ ಕಟ್ಟುವ ಯಂತ್ರಗಳನ್ನು ತಿರುಗಿಸುವ ಪಿಟಿಒ ಶಾಫ್ಟ್‌ನಿಂದ ತಿರುಗುತ್ತದೆ. ಅದಕ್ಕೆ ಲಗಾಮು ಇರುವುದು ಎಣ್ಣೆ ಹೊರಬರುವ ಕಡೆಯಲ್ಲಲ್ಲ, ಎಳೆದುಕೊಳ್ಳುವ ಕಡೆ. ಲಿಫ್ಟ್ ಲಿವರ್ ಎತ್ತುವ ತನಕ ಅದು ಎಣ್ಣೆಯನ್ನೇ ಎಳೆಯುವುದಿಲ್ಲ. ಇಂಥ ಟ್ರಾಕ್ಟರ್‌ನಲ್ಲಿ ಲೋಡರ್‌ಗೆ ಒಳಗಿನ ಪಂಪನ್ನು ನಂಬಬೇಡಿ. ಎಂಜಿನ್‌ನ ಮುಂದಿನ ಕ್ರ್ಯಾಂಕ್ ಪುಲ್ಲಿಯಿಂದ ಓಡುವ ಬೇರೆ ಗೇರ್ ಪಂಪ್, ಅದಕ್ಕೆ ಬೇರೆ ಟ್ಯಾಂಕ್ ಹಾಕಿಸುವುದೇ ಸರಿಯಾದ ದಾರಿ. ಹಾಗೆ ಹಾಕಿಸಿದರೆ ಲೋಡರ್ ಸರ್ಕ್ಯೂಟ್ ತನ್ನಷ್ಟಕ್ಕೆ ತಾನಿರುತ್ತದೆ. ಕೆಳಗೆ ಹೇಳುವ ಪವರ್ ಬಿಯಾಂಡ್ ತಲೆನೋವೂ ಇರುವುದಿಲ್ಲ.

ಪವರ್ ಸ್ಟೀರಿಂಗ್ ಇದ್ದರೆ ಇನ್ನೊಂದು ಎಚ್ಚರ. ಸ್ಟೀರಿಂಗ್‌ಗೆ ಹೋಗುವ ಲೈನನ್ನು ಕತ್ತರಿಸಬೇಡಿ. ಒಂದೇ ಪಂಪ್ ಎರಡಕ್ಕೂ ಎಣ್ಣೆ ಕೊಡುತ್ತಿದ್ದರೆ ಸ್ಟೀರಿಂಗ್ ಪಾಲು ಹೋದ ಮೇಲಿನ ಲೈನ್‌ನಿಂದಲೇ ಲೋಡರ್‌ಗೆ ತೆಗೆದುಕೊಳ್ಳಬೇಕು. ತುಂಬಿದ ಬಕೆಟ್ ಎತ್ತುವ ಹೊತ್ತಿಗೆ ಸ್ಟೀರಿಂಗ್ ಬಿಗಿಯಾದರೆ ಟ್ರಾಕ್ಟರ್ ನಮ್ಮ ಮಾತು ಕೇಳುವುದಿಲ್ಲ.

ಕೆರೆ, ಕಾಲುವೆ, ಕೋಡಿ

ನೀರು ಹಾಯಿಸಿದವರಿಗೆ ಈ ವಾಲ್ವ್ ಅರ್ಥವಾಗದ ವಸ್ತುವೇನಲ್ಲ. ಪಂಪಿನಿಂದ ಬರುವ ಲೈನ್ ಕಾಲುವೆ. ಲೋಡರ್ ವಾಲ್ವ್ ಮೇಲಿನ ಗದ್ದೆ, ಹಿಂದಿನ ಲಿಫ್ಟ್ ಕೆಳಗಿನ ಗದ್ದೆ. ಮೇಲಿನವನು ಮಡೆ ತಿರುಗಿಸದಿದ್ದಾಗ ನೀರು ನೇರ ಕೆಳಗಿನವನಿಗೆ. ಮೇಲಿನವನು ತಿರುಗಿಸಿಕೊಂಡರೆ ಅಷ್ಟು ಹೊತ್ತು ಕೆಳಗಿನವನಿಗಿಲ್ಲ. ಗದ್ದೆಯಿಂದ ಬಸಿದ ನೀರಿಗೆ ಬೇರೆಯೇ ಬಸಿಗಾಲುವೆ ಇರಬೇಕು, ಅದನ್ನು ತಂದು ಹರಿಯುವ ಕಾಲುವೆಗೆ ಸೇರಿಸಬಾರದು. ಇನ್ನು ರಿಲೀಫ್ ವಾಲ್ವ್ ಅಂದರೆ ಕೆರೆಯ ಕೋಡಿ. ನೀರು ಮಟ್ಟ ಮೀರಿದರೆ ಏರಿ ಒಡೆಯುವ ಬದಲು ಕೋಡಿ ಹರಿಯುತ್ತದೆ.

ಈಗ ವಾಲ್ವಿನ ಅಕ್ಷರಗಳನ್ನು ಇದಕ್ಕೆ ಹೊಂದಿಸಿ. ಪಿ, ಕೆಲವರು ಇನ್ ಎಂದೂ ಬರೆಯುತ್ತಾರೆ, ಪಂಪಿನಿಂದ ಬರುವ ಕಾಲುವೆ. ಟಿ ಅಥವಾ ಔಟ್, ಸಂಪಿಗೆ ಹೋಗುವ ಬಸಿಗಾಲುವೆ. ಒಂದೊಂದು ಲಿವರ್‌ಗೂ ಒಂದೊಂದು ಜೋಡಿ ಎ ಮತ್ತು ಬಿ, ಇವು ಸಿಲಿಂಡರ್‌ನ ಎರಡು ತುದಿಗೆ. ನಮ್ಮ ಕಡೆ ಸಿಲಿಂಡರನ್ನು ಜಾಕ್ ಎನ್ನುವುದೇ ಹೆಚ್ಚು, ನಾನೂ ಹಾಗೇ ಬರೆಯುತ್ತೇನೆ. ಕೊನೆಯದು ಪಿಬಿ, ಪವರ್ ಬಿಯಾಂಡ್. ಅದು ಮೇಲಿನ ಗದ್ದೆ ದಾಟಿ ಕೆಳಗಿನ ಗದ್ದೆಗೆ ಒತ್ತಡದ ಎಣ್ಣೆ ಹೊತ್ತುಕೊಂಡು ಹೋಗುವ ದಾರಿ.

ಪವರ್ ಬಿಯಾಂಡ್: ನನ್ನ ವಾಲ್ವ್ ಒಡೆದದ್ದು ಇಲ್ಲಿ

ಸಾಮಾನ್ಯ ಓಪನ್ ಸೆಂಟರ್ ವಾಲ್ವಿನಲ್ಲಿ ನಡುದಾರಿಯ ಎಣ್ಣೆ ಕೊನೆಗೆ ಬಂದು ಒಳಗೇ ಟಿ ಗುಂಡಿಗೆ ಬೀಳುತ್ತದೆ. ಜಾಕ್‌ನಿಂದ ವಾಪಸ್ ಬರುವ ಎಣ್ಣೆಯೂ ಅಲ್ಲಿಗೇ, ರಿಲೀಫ್ ಬಿಟ್ಟ ಎಣ್ಣೆಯೂ ಅಲ್ಲಿಗೇ. ಹೊರಗೆ ಹೋಗಲು ಇರುವುದು ಒಂದೇ ತೂತು. ಆ ತೂತಿನಿಂದ ನೇರ ಹಿಂದಿನ ಲಿಫ್ಟ್‌ಗೆ ಪೈಪು ಎಳೆದರೆ ಏನಾಗುತ್ತದೆ? ಲಿಫ್ಟ್ ಭಾರ ಎತ್ತುವಾಗ ಆ ಪೈಪಿನಲ್ಲಿ 150 ಬಾರ್, ಅಂದರೆ ಚದರ ಸೆಂಮೀಗೆ ಸುಮಾರು 150 ಕೆಜಿ, ಒತ್ತಡ ಏರುತ್ತದೆ. ಅದು ಹಿಂದಕ್ಕೆ ತಿರುಗಿ ವಾಲ್ವಿನ ಇಡೀ ಟಿ ಗುಂಡಿಯನ್ನು ತುಂಬುತ್ತದೆ. ಲಿವರ್ ಕೂತಿರುವ, ವಾಲ್ವಿನೊಳಗೆ ಜಾರುವ ಸರಳಾದ ಸ್ಪೂಲ್‌ನ ತುದಿಯ ಸೀಲ್‌ಗಳು ಇರುವುದು ಇದೇ ಗುಂಡಿಯ ಬಾಯಲ್ಲಿ. ವಾಪಸ್ ಎಣ್ಣೆಯ ಅಲ್ಪ ಒತ್ತಡಕ್ಕೆಂದು ಮಾಡಿದ ಸೀಲ್‌ಗಳು ಅವು. ನನ್ನ ಲಿವರ್ ಬುಡದಿಂದ ಎಣ್ಣೆ ಚಿಮ್ಮಿದ್ದು ಹೀಗೆ.

ಇದಕ್ಕೆ ಪರಿಹಾರ ಬೆರಳುದ್ದದ ಒಂದು ತಿರುಪಿನ ಕೊಳವೆ. ಪವರ್ ಬಿಯಾಂಡ್ ಸ್ಲೀವ್ ಎಂದು ಕೇಳಿದರೆ ಆ ವಾಲ್ವಿನದೇ ಕಂಪನಿಯದು ಸಿಗುತ್ತದೆ. ಅದನ್ನು ಒಳಗೆ ತಿರುಗಿಸಿದರೆ ನಡುದಾರಿಯ ಎಣ್ಣೆ ಟಿ ಗುಂಡಿಗೆ ಬೀಳುವುದು ನಿಂತು ಬೇರೆ ತೂತಿನಿಂದ ಹೊರಬರುತ್ತದೆ. ಆಗ ಹೊರಹೋಗುವ ದಾರಿ ಎರಡು: ಪಿಬಿಯಿಂದ ಲಿಫ್ಟ್‌ಗೆ, ಟಿಯಿಂದ ನೇರ ಸಂಪಿಗೆ. ಎರಡನ್ನೂ ಜೋಡಿಸಲೇಬೇಕು. ಸ್ಲೀವ್ ಹಾಕಿ ಪಿಬಿಗೆ ಬಿರಡೆ ಹೊಡೆದರೆ ಪಂಪಿನ ಎಣ್ಣೆಗೆ ದಾರಿಯೇ ಇಲ್ಲ. ಟಿಗೆ ಬಿರಡೆ ಹೊಡೆದರೆ ಬೀಡೇ ಬಿರುಕು ಬಿಡಬಹುದು.

ಸ್ಲೀವ್ ಒಳಗಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ನಾನು ಈಗ ಪ್ರತಿ ವಾಲ್ವಿಗೂ ಹೀಗೆ ಪರೀಕ್ಷೆ ಮಾಡುತ್ತೇನೆ. ವಾಲ್ವ್ ಟೇಬಲ್ ಮೇಲಿರುವಾಗಲೇ ಎಲ್ಲ ಬಿರಡೆ ತೆಗೆದು, ಲಿವರ್‌ಗಳನ್ನು ನಡುವೆ ಬಿಟ್ಟು, ಪಿ ತೂತಿಗೆ ಒಂದು ಶುಭ್ರವಾದ ಕೊಳವೆ ಒತ್ತಿ ಹಿಡಿದು ಬಾಯಿಂದ ಊದಿ. ಗಾಳಿ ಪಿಬಿಯಿಂದ ಮಾತ್ರ ಬಂದರೆ ಸ್ಲೀವ್ ಇದೆ. ಟಿಯಿಂದ ಬಂದರೆ ಸ್ಲೀವ್ ಇಲ್ಲ. ಎಲ್ಲಿಂದಲೂ ಬಾರದೆ ಕೆನ್ನೆ ಉಬ್ಬಿದರೆ ಅದು ಕ್ಲೋಸ್ಡ್ ಸೆಂಟರ್. ಆಮೇಲೆ ಲಿವರ್ ಒಂದೊಂದಾಗಿ ಎಳೆದು ಊದಿದರೆ ಯಾವ ಲಿವರ್‌ಗೆ ಯಾವ ಎ, ಯಾವ ಬಿ ಎನ್ನುವುದೂ ಗೊತ್ತಾಗುತ್ತದೆ. ಎರಡು ನಿಮಿಷದ ಈ ಕೆಲಸ ಮಾಡಿದ್ದರೆ ಅಂದು ನನ್ನ ಎಣ್ಣೆ ನೆಲದ ಪಾಲಾಗುತ್ತಿರಲಿಲ್ಲ.

ವಾಲ್ವ್ ಆಯ್ಕೆ

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು: ಎರಡು ಸ್ಪೂಲ್, ಓಪನ್ ಸೆಂಟರ್, ಪವರ್ ಬಿಯಾಂಡ್ ಹಾಕಲು ಬರುವಂಥದ್ದು, ಒಳಗೇ ರಿಲೀಫ್ ಇರುವಂಥದ್ದು, ನಿಮ್ಮ ಪಂಪಿನ ಲೀಟರ್‌ಗಿಂತ ಹೆಚ್ಚು ತಾಳುವಂಥದ್ದು. ಪಂಪ್ ನಿಮಿಷಕ್ಕೆ 25 ಲೀಟರ್ ಕೊಡುವುದಾದರೆ 40 ಲೀಟರ್‌ನ ವಾಲ್ವ್ ಆರಾಮ.

ಸ್ಪೂಲ್ ಬಗ್ಗೆ ಒಂದು ಮಾತು. ಹೈಡ್ರಾಲಿಕ್ ಮೋಟರ್‌ಗೆಂದು ಮಾಡಿದ ಸ್ಪೂಲ್ ನಡುವಿನಲ್ಲಿದ್ದಾಗ ಎ, ಬಿ ಎರಡನ್ನೂ ಟಿಗೆ ತೆರೆದಿಡುತ್ತದೆ. ಅದನ್ನು ಲೋಡರ್‌ಗೆ ಹಾಕಿದರೆ ಲಿವರ್ ಬಿಟ್ಟ ಕ್ಷಣ ಬಕೆಟ್ ಕೆಳಗೆ ಬೀಳುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ವಾಲ್ವ್ ಕೊಳ್ಳುವವರು ಇದನ್ನು ಊದಿ ನೋಡಿಯೇ ಕೊಳ್ಳಿ: ಲಿವರ್ ನಡುವಿದ್ದಾಗ ಎ ಅಥವಾ ಬಿಗೆ ಊದಿದರೆ ಗಾಳಿ ಹೋಗಬಾರದು.

ತೋಳು ಎತ್ತುವ ಸ್ಪೂಲ್‌ಗೆ ಫ್ಲೋಟ್ ಇದ್ದರೆ ಒಳ್ಳೆಯದು. ಲಿವರನ್ನು ಇಳಿಸುವ ಕಡೆಗೆ ಪೂರ್ತಿ ತಳ್ಳಿದರೆ ಅದು ಕಚ್ಚಿ ನಿಲ್ಲುತ್ತದೆ, ಜಾಕ್‌ನ ಎರಡೂ ತುದಿ ಟಿಗೆ ತೆರೆದುಕೊಳ್ಳುತ್ತವೆ, ಬಕೆಟ್ ನೆಲದ ಏರುತಗ್ಗನ್ನು ಅನುಸರಿಸಿ ತೇಲುತ್ತದೆ. ಕಣ ಸಮ ಮಾಡುವಾಗ, ಅಂಗಳದ ಗೊಬ್ಬರ ಬಾಚುವಾಗ ಇದರ ಬೆಲೆ ತಿಳಿಯುತ್ತದೆ. ಆದರೆ ತೋಳು ಮೇಲಿರುವಾಗ ಫ್ಲೋಟ್‌ಗೆ ಹಾಕಿದರೆ ತಡೆಯಿಲ್ಲದೆ ಕೆಳಗೆ ಬರುತ್ತದೆ. ಲೋಡರ್ ಓಡಿಸಲು ಹೊಸಬರನ್ನು ಕೂರಿಸಿದರೆ ಇದನ್ನು ಮೊದಲು ತೋರಿಸಿಕೊಡಿ.

ಜಾಕ್ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ತೋಳಿಗೆ ಎರಡು ಜಾಕ್, ಒಳವ್ಯಾಸ 63 ಮಿಮೀ, ರಾಡ್ 35 ಮಿಮೀ, ಓಟ 500 ಮಿಮೀ. ಪಿಸ್ಟನ್‌ನ ವಿಸ್ತೀರ್ಣ 31.2 ಚದರ ಸೆಂಮೀ. ಚದರ ಸೆಂಮೀಗೆ 150 ಕೆಜಿ ಒತ್ತಡದಲ್ಲಿ ಒಂದು ಜಾಕ್ ಸುಮಾರು 4,670 ಕೆಜಿ ಬಲದಿಂದ ತಳ್ಳುತ್ತದೆ. ಎರಡು ಸೇರಿ 9 ಟನ್ ದಾಟಿತು! ಹಾಗಂತ ಬಕೆಟ್ 9 ಟನ್ ಎತ್ತುವುದಿಲ್ಲ. ಜಾಕ್ ತೋಳನ್ನು ತಳ್ಳುವುದು ಪಿನ್ನಿನ ಹತ್ತಿರದಿಂದ, ಬಕೆಟ್ ಇರುವುದು ಮಾರು ದೂರದಲ್ಲಿ. ಆ ಅಂತರ ಏಳು ಪಟ್ಟಾದರೆ ಬಕೆಟ್‌ನಲ್ಲಿ ಉಳಿಯುವುದು 1,300 ಕೆಜಿ, ಅದರಲ್ಲೂ ತೋಳು ಮತ್ತು ಬಕೆಟ್‌ನ ಸ್ವಂತ ತೂಕ ಕಳೆಯಬೇಕು.

ವೇಗ ನೋಡಿ. ಎರಡು ಜಾಕ್ ಪೂರ್ತಿ ಹೊರಬರಲು 3.1 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 25 ಲೀಟರ್ ಪಂಪಾದರೆ ಏಳೂವರೆ ಸೆಕೆಂಡ್. ರಾಡ್ ಇರುವ ಕಡೆ ಜಾಗ ಕಡಿಮೆ, 2.2 ಲೀಟರ್ ಸಾಕು, ಅದಕ್ಕೇ ಇಳಿಯುವುದು ಬೇಗ. ಸಂಪಿನ ಎಣ್ಣೆಗೂ ಈ ಲೆಕ್ಕ ಬೇಕು. ಜಾಕ್ ಒಳಗಿರುವಾಗಲೇ 2.2 ಲೀಟರ್ ಅದರಲ್ಲಿ ನಿಂತಿರುತ್ತದೆ, ಪೂರ್ತಿ ಎತ್ತಿದಾಗ ಇನ್ನೂ ಸುಮಾರು 1 ಲೀಟರ್ ಹೆಚ್ಚು ಎಳೆದುಕೊಳ್ಳುತ್ತದೆ. ಬಕೆಟ್‌ನ ಜಾಕ್‌ಗಳು, ಹೋಸ್‌ಗಳು ಬೇರೆ. ಅದನ್ನೆಲ್ಲ ತುಂಬಿಸದೆ ಬಿಟ್ಟರೆ ಸಂಪಿನ ಮಟ್ಟ ಇಳಿದು ಪಂಪ್ ಗಾಳಿ ಎಳೆಯುತ್ತದೆ.

ಹೋಸ್ ಮತ್ತು ಮರೆ

ಒತ್ತಡದ ಲೈನ್‌ಗಳಿಗೆ ಅರ್ಧ ಇಂಚಿನ, ಎರಡು ತಂತಿ ಹೆಣಿಗೆಯ ಹೋಸ್ ಹಾಕಿಸಿ. ಹೋಸ್ ಮೈಮೇಲೆ ಆರ್2 ಅಥವಾ 2ಎಸ್‌ಎನ್ ಎಂದು ಅಚ್ಚು ಇರುತ್ತದೆ. ಅರ್ಧ ಇಂಚಿನಲ್ಲಿ ಅದು 275 ಬಾರ್ ತಾಳುತ್ತದೆ. ಒಂದು ತಂತಿಯ ಆರ್1 ಅಗ್ಗ ನಿಜ, ಆದರೆ ಅದೇ ಅಳತೆಯಲ್ಲಿ ಅದರ ಮಿತಿ 160 ಬಾರ್. ಲೋಡರ್ ಗುಂಡಿಗೆ ಬಿದ್ದು ಎದ್ದಾಗ ಹೋಸ್‌ನಲ್ಲಿ ಒತ್ತಡ ಜಿಗಿಯುತ್ತದೆ, ಅಷ್ಟು ಅಂಚಿನಲ್ಲಿ ನಡೆಯುವುದು ಬೇಡ. ಟಿ ಲೈನ್‌ಗೆ ಮುಕ್ಕಾಲು ಇಂಚು. ವಾಪಸ್ ಎಣ್ಣೆ ಎಷ್ಟು ಸಲೀಸಾಗಿ ಹೋಗುತ್ತದೋ ಸೀಲ್‌ಗಳಿಗೆ ಅಷ್ಟು ಆಯಸ್ಸು.

ಮರೆಯ, ಅಂದರೆ ತಿರುಪಿನ ಎಳೆಯ, ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಸೋರಿಕೆಯ ಮೂಲವೇ ಅದು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಬಿಎಸ್‌ಪಿ ಎಂಬ ಬ್ರಿಟಿಷ್ ಮರೆ. ಹೊರಗಿನಿಂದ ಬಂದ ವಾಲ್ವ್‌ಗಳಲ್ಲಿ ಎನ್‌ಪಿಟಿ ಎಂಬ ಅಮೆರಿಕದ ಮರೆ ಇರಬಹುದು. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆ. ಹಾಗಾಗಿ ಒಂದಕ್ಕೊಂದು ಎರಡು ಮೂರು ಸುತ್ತು ಹಾಯಾಗಿ ಹತ್ತುತ್ತದೆ, "ಸರಿಯಾಯ್ತು" ಎಂದು ಸ್ಪ್ಯಾನರ್ ಹಾಕಿ ಬಿಗಿದುಬಿಡುತ್ತೇವೆ. ಆದರೆ ಎಳೆಯ ಕೋನ ಬಿಎಸ್‌ಪಿಗೆ 55 ಡಿಗ್ರಿ, ಎನ್‌ಪಿಟಿಗೆ 60. ಎನ್‌ಪಿಟಿ ಮೊನೆಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಬಿಗಿದಷ್ಟೂ ಮರೆ ಕೆಡುತ್ತದೆ, ಒತ್ತಡ ಬಂದಾಗ ಸೋರುತ್ತದೆ. ಸಂಶಯವಿದ್ದರೆ ವಾಲ್ವನ್ನೇ ಹೋಸ್ ಅಂಗಡಿಗೆ ಕೊಂಡೊಯ್ದು ಗೇಜ್ ಇಟ್ಟು ನೋಡಿಸಿ.

ಬಿಎಸ್‌ಪಿ ತೂತಿಗೆ ನಿಪ್ಪಲ್ ಹಾಕುವಾಗ ಡೌಟಿ ವಾಷರ್ ಹಾಕಬೇಕು, ಉಕ್ಕಿನ ಬಳೆಯೊಳಗೆ ರಬ್ಬರ್ ಕಚ್ಚಿಸಿದ ವಾಷರ್ ಅದು. ಸೋರಿಕೆ ತಡೆಯುವುದು ವಾಷರೇ, ಮರೆಯಲ್ಲ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಇಲ್ಲಿಗೆ ಬೇಡವೇ ಬೇಡ. ಅದರ ಚೂರು ಕಿತ್ತು ಎಣ್ಣೆಯೊಂದಿಗೆ ಹೋಗಿ ಸ್ಪೂಲ್ ಸಂದಿಗೋ ರಿಲೀಫ್ ಸೀಟಿಗೋ ಸಿಕ್ಕಿಕೊಂಡರೆ, ಒತ್ತಡ ಏಕೆ ಬರುತ್ತಿಲ್ಲ ಎಂದು ವಾರಗಟ್ಟಲೆ ಹುಡುಕಬೇಕಾಗುತ್ತದೆ.

ಜೋಡಿಸುವ ಕ್ರಮ

ಮೊದಲ ಕೆಲಸ ತೊಳೆಯುವುದು. ಪಂಪ್, ಪೈಪು, ಲಿಫ್ಟ್ ಕವರ್ ಸುತ್ತ ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ ಒರೆಸಿ. ಒಂದು ಚಿಟಿಕೆ ಮಣ್ಣು ಒಳಗೆ ಹೋದರೆ ಸ್ಪೂಲ್ ಮೈ ಗೀಚುತ್ತದೆ, ಆ ಗೀಚು ಮತ್ತೆ ಹೋಗುವುದಿಲ್ಲ. ತೆರೆದ ಪ್ರತಿ ತುದಿಗೂ ಕೂಡಲೇ ಬಿರಡೆ ಹಾಕಿ.

ವಾಲ್ವನ್ನು ಬಲಗೈಗೆ ಸಹಜವಾಗಿ ಸಿಗುವ ಜಾಗದಲ್ಲಿ, ದಪ್ಪ ತಗಡಿನ ಬ್ರ್ಯಾಕೆಟ್ ಮೇಲೆ ಕೂರಿಸಿ. ಬ್ರ್ಯಾಕೆಟ್ ಸೊಟ್ಟಗಿದ್ದು ಬೋಲ್ಟ್ ಎಳೆದು ಬಿಗಿದರೆ ಬೀಡಿನ ಮೈ ತುಸು ತಿರುಚಿ ಸ್ಪೂಲ್ ಹಿಡಿಯುತ್ತದೆ. ಬಿಗಿದ ಮೇಲೆ ಲಿವರ್ ಎಳೆದು ಬಿಟ್ಟು ನೋಡಿ, ಸ್ಪ್ರಿಂಗ್ ಬಲದಿಂದ ಟಕ್ಕೆಂದು ನಡುವಿಗೆ ಬರಬೇಕು.

ಈಗ ಪಂಪಿನಿಂದ ಲಿಫ್ಟ್‌ಗೆ ಹೋಗುವ ಪೈಪನ್ನು ಬಿಡಿಸಿ. ಪಂಪಿನ ತುದಿಯಿಂದ ಹೋಸ್ ಪಿಗೆ. ಪಿಬಿಯಿಂದ ಹೋಸ್ ಲಿಫ್ಟ್‌ನ ತುದಿಗೆ. ಟಿಯಿಂದ ಮುಕ್ಕಾಲು ಇಂಚಿನ ಹೋಸ್ ನೇರ ಹಿಂದಿನ ಹೌಸಿಂಗ್‌ಗೆ. ಅಲ್ಲಿ ಖಾಲಿ ಪ್ಲಗ್ ಇದ್ದರೆ ಅದೇ ಜಾಗ, ಇಲ್ಲದಿದ್ದರೆ ಎಣ್ಣೆ ತುಂಬುವ ಪ್ಲಗ್‌ಗೆ ಅಡಾಪ್ಟರ್ ಮಾಡಿಸಬಹುದು. ವಾಪಸ್ ಎಣ್ಣೆ ಮೇಲಿನಿಂದ ಧುಮುಕಿದರೆ ನೊರೆ ಏಳುತ್ತದೆ, ಆದ್ದರಿಂದ ಒಳಗೆ ಒಂದು ಕೊಳವೆ ಇಳಿಬಿಟ್ಟು ಎಣ್ಣೆ ಮಟ್ಟದ ಕೆಳಗೆ ಬೀಳುವಂತೆ ಮಾಡಿ, ಗೇರ್‌ಗೆ ತಾಗದಂತೆ ನೋಡಿಕೊಳ್ಳಿ. ಈ ಟಿ ಲೈನ್‌ನಲ್ಲಿ ಬಂದ್ ಮಾಡುವ ಕಾಕ್, ಕೈಯಿಂದಲೇ ಬಿಡಿಸುವ ಕ್ವಿಕ್ ಕಪ್ಲರ್ ಯಾವುದೂ ಇರಬಾರದು.

ಟಿಪ್ಪಿಂಗ್ ಟ್ರೈಲರ್‌ಗೆ ಕೊಟ್ಟಿರುವ ಹೊರ ಪಾಯಿಂಟ್‌ನಿಂದ ಎಣ್ಣೆ ತೆಗೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಟ್ರೈಲರ್ ಜಾಕ್‌ಗೆ ಒಂದೇ ಪೈಪು; ಎತ್ತಲು ಎಣ್ಣೆ, ಇಳಿಯುವುದು ತನ್ನ ಭಾರಕ್ಕೆ, ಎಣ್ಣೆ ಅದೇ ದಾರಿಯಲ್ಲಿ ವಾಪಸ್. ಲೋಡರ್‌ಗೆ ಇಳಿಸುವಾಗಲೂ ಒತ್ತಡ ಬೇಕು, ಬೇರೆ ವಾಪಸ್ ದಾರಿಯೂ ಬೇಕು. ಎರಡೂ ಒಂದೇ ಅಲ್ಲ.

ಜಾಕ್‌ಗಳಿಗೆ ಬರೋಣ. ಎಡ ಬಲ ಜಾಕ್‌ಗಳನ್ನು ಮೂರು ಬಾಯಿಯ ಟೀ ಹಾಕಿ ಸೇರಿಸುವಾಗ ಟೀ ನಡುವಿನಲ್ಲಿರಲಿ, ಎರಡೂ ಕಡೆ ಹೋಸ್ ಒಂದೇ ಉದ್ದವಿರಲಿ. ಎರಡೂ ಜಾಕ್‌ನ ಬುಡದ ತುದಿಗಳು ಒಂದು ಲೈನ್‌ಗೆ, ರಾಡ್ ಕಡೆಯ ತುದಿಗಳು ಇನ್ನೊಂದು ಲೈನ್‌ಗೆ. ರೂಢಿ ಹೀಗಿದೆ: ಲಿವರ್ ಹಿಂದಕ್ಕೆಳೆದರೆ ತೋಳು ಮೇಲೆ, ಮುಂದಕ್ಕೆ ತಳ್ಳಿದರೆ ಕೆಳಗೆ. ಉಲ್ಟಾ ಆದರೆ ಎ, ಬಿ ಹೋಸ್ ಅದಲುಬದಲು ಮಾಡಿದರಾಯಿತು. ಆದರೆ ಫ್ಲೋಟ್ ಇರುವ ಸ್ಪೂಲ್‌ನಲ್ಲಿ ಫ್ಲೋಟ್ ಇಳಿಸುವ ಕಡೆಗೇ ಬರುತ್ತಿದೆಯೇ ನೋಡಿಕೊಳ್ಳಿ.

ಹೋಸನ್ನು ತೋಳಿನ ಪಿನ್ನಿನ ಹತ್ತಿರವೇ ಹಾಯಿಸಿ. ತೋಳು ಎತ್ತಿದಾಗ ಅದು ಅಲ್ಲಿ ಬಗ್ಗುವುದೇ ಹೊರತು ಎಳೆಯುವುದಿಲ್ಲ. ಅರ್ಧ ಇಂಚಿನ ಆರ್2 ಹೋಸ್ 18 ಸೆಂಮೀ ತ್ರಿಜ್ಯಕ್ಕಿಂತ ಸಣ್ಣದಾಗಿ ಬಗ್ಗಬಾರದು, ಗೇಣಿಗಿಂತ ತುಸು ಕಡಿಮೆ. ಒತ್ತಡ ಬಂದಾಗ ಹೋಸ್ ತುಸು ಗಿಡ್ಡವಾಗುತ್ತದೆ, ಹಾಗಾಗಿ ಬಿಗಿಯಾಗಿ ಎಳೆದು ಕಟ್ಟಬೇಡಿ. ಅದರ ಮೈಮೇಲಿನ ಅಚ್ಚಿನ ಗೆರೆ ನೇರವಾಗಿರಬೇಕು. ಗೆರೆ ಹಗ್ಗದಂತೆ ಸುತ್ತಿಕೊಂಡಿದ್ದರೆ ನಟ್ ಬಿಗಿಯುವಾಗ ಹೋಸ್ ತಿರುಚಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ.

ರಿಲೀಫ್ ಹೊಂದಿಸುವುದು

ತುಂಬಾ ಜನ "ಟ್ರಾಕ್ಟರ್‌ನಲ್ಲೇ ರಿಲೀಫ್ ಇದೆಯಲ್ಲ, ವಾಲ್ವಿನಲ್ಲಿ ಯಾಕೆ" ಎನ್ನುತ್ತಾರೆ. ಯೋಚಿಸಿ ನೋಡಿ. ಎಷ್ಟೋ ಟ್ರಾಕ್ಟರ್‌ಗಳಲ್ಲಿ ಆ ರಿಲೀಫ್ ಇರುವುದು ಹಿಂದಿನ ಲಿಫ್ಟ್‌ನಲ್ಲಿ, ಅಂದರೆ ಕೆಳಗಿನ ಗದ್ದೆಯಲ್ಲಿ. ಲೋಡರ್ ಲಿವರ್ ಪೂರ್ತಿ ಎಳೆದ ಕ್ಷಣ ನಡುದಾರಿ ಮುಚ್ಚಿತು, ಆ ಕೋಡಿಗೂ ಪಂಪಿಗೂ ಸಂಬಂಧವೇ ಕಡಿಯಿತು. ಆಗ ಪಂಪನ್ನು ಕಾಯುವುದು ಲೋಡರ್ ವಾಲ್ವಿನ ರಿಲೀಫ್ ಒಂದೇ.

ಎಣ್ಣೆ ತುಂಬಿಸಿ ಎಂಜಿನನ್ನು ಐಡ್ಲಿಂಗ್‌ನಲ್ಲಿ ಶುರು ಮಾಡಿ. ಲಿವರ್‌ಗಳನ್ನು ನಿಧಾನವಾಗಿ, ಮೊದಲು ಕೊನೆ ಮುಟ್ಟಿಸದೆ, ಎಂಟು ಹತ್ತು ಸಲ ಆಡಿಸಿ. ಜಾಕ್ ಜಗ್ಗಿ ಜಗ್ಗಿ ಚಲಿಸುವುದು ನಿಂತಿತೆಂದರೆ ಗಾಳಿ ಹೊರಟಿದೆ. ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಎಣ್ಣೆ ಮಟ್ಟ ನೋಡಿ ತುಂಬಿಸಿ.

ಪಿ ಲೈನ್‌ಗೆ ಟೀ ಹಾಕಿ 250 ಬಾರ್‌ನ ಗೇಜ್ ಜೋಡಿಸಿ. ಲಿವರ್ ಎಲ್ಲ ನಡುವಿದ್ದಾಗ ಮುಳ್ಳು 10 ಬಾರ್‌ನ ಆಸುಪಾಸಿನಲ್ಲಿದ್ದರೆ ದಾರಿ ಸಲೀಸಾಗಿದೆ. ಆಗಲೇ 40, 50 ತೋರಿಸಿದರೆ ಎಲ್ಲೋ ಅಡ್ಡಿಯಿದೆ, ಮುಂದುವರಿಯಬೇಡಿ. ರಿಲೀಫ್‌ನ ಲಾಕ್ ನಟ್ ಸಡಿಲಿಸಿ ತಿರುಪನ್ನು ಹೊರಕ್ಕೆ ಬಿಟ್ಟು ಶುರು ಮಾಡಿ. ಬಕೆಟ್ ಜಾಕ್ ಕೊನೆ ಮುಟ್ಟಿದ ಮೇಲೂ ಲಿವರ್ ಹಿಡಿದು ಗೇಜ್ ಓದಿ, ಬಿಡಿ, ಕಾಲು ಸುತ್ತು ಒಳಕ್ಕೆ, ಮತ್ತೆ ಓದಿ. ಒಂದು ಸಲಕ್ಕೆ ಮೂರು ನಾಲ್ಕು ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ. 150 ಬಾರ್‌ನಲ್ಲಿ 25 ಲೀಟರ್ ರಿಲೀಫ್ ಮೇಲೆ ಹರಿದರೆ ಆರು ಕಿಲೋವ್ಯಾಟ್ ದಾಟಿದ ಶಾಖ, ಸ್ನಾನದ ಮನೆಯ ಮೂರು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಟ್ರಾಕ್ಟರ್ ಪುಸ್ತಕದಲ್ಲಿ ಕೊಟ್ಟ ಒತ್ತಡಕ್ಕಿಂತ 5ರಿಂದ 10 ಬಾರ್ ಕೆಳಗೆ ನಿಲ್ಲಿಸಿ ನಟ್ ಬಿಗಿಯಿರಿ. ಬಕೆಟ್ ಭಾರ ಎತ್ತಲಿಲ್ಲವೆಂದು ತಿರುಪು ಬಿಗಿಯುತ್ತಾ ಹೋಗುವುದು ದೊಡ್ಡ ತಪ್ಪು. ಮುಂದಿನ ಆಕ್ಸಲ್ ಮುರಿಯುವುದು, ಹಿಂದಿನ ಚಕ್ರ ನೆಲ ಬಿಡುವುದು ಅದರಿಂದಲೇ.

ಸೋರಿಕೆಯನ್ನು ಕೈಯಿಂದ ಹುಡುಕಬೇಡಿ

ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಒಳಗೆ ಮಾಂಸ ಕೊಳೆಯತೊಡಗುತ್ತದೆ. ನೋವಿಲ್ಲ ಎಂದು ಸುಮ್ಮನಿರಬೇಡಿ. ತಡ ಮಾಡದೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳು, ಕೈ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಒದ್ದೆಯಾದ ಕಡೆ ತೂತಿದೆ. ಯಾವ ನಟ್ ಮುಟ್ಟುವ ಮೊದಲೂ ಬಕೆಟ್ ನೆಲಕ್ಕೆ, ಎಂಜಿನ್ ಬಂದ್, ಲಿವರ್‌ಗಳನ್ನು ನಾಲ್ಕೂ ಕಡೆ ಆಡಿಸಿ ಉಳಿದ ಒತ್ತಡ ಬಿಡಿ. ಎತ್ತಿದ ತೋಳಿನ ಕೆಳಗೆ ಗಟ್ಟಿ ಆಸರೆ ಕೊಡದೆ ತಲೆ ಹಾಕಬೇಡಿ.

ತೊಂದರೆ ಬಂದರೆ

ಹಿಂದಿನ ಲಿಫ್ಟ್ ಸತ್ತಿದೆ, ಆದರೆ ಲೋಡರ್ ಆಡಿಸಿದಾಗ ಮಾತ್ರ ತುಸು ಏಳುತ್ತದೆ: ಪಿಬಿ ಮತ್ತು ಟಿ ಅದಲುಬದಲಾಗಿವೆ. ಜಾಕ್‌ನ ವಾಪಸ್ ಎಣ್ಣೆ ಲಿಫ್ಟ್‌ಗೆ ಹೋಗುತ್ತಿದೆ, ಕೂಡಲೇ ನಿಲ್ಲಿಸಿ. ಲೋಡರ್ ಎತ್ತುವಾಗ ಲಿಫ್ಟ್ ನಿಂತರೆ ಅದು ರೋಗವಲ್ಲ, ಮೇಲಿನ ಗದ್ದೆ ನೀರು ತಿರುಗಿಸಿಕೊಂಡಿದೆ ಅಷ್ಟೇ.

ಭಾರವಿದ್ದ ತೋಳನ್ನು ಎತ್ತಲು ಲಿವರ್ ಎಳೆದಾಗ ಮೊದಲು ತುಸು ಕುಸಿದು ಆಮೇಲೆ ಏಳುತ್ತದೆಯೇ? ಸ್ಪೂಲ್‌ನ ಲೋಡ್ ಚೆಕ್ ವಾಲ್ವಿನಲ್ಲಿ, ಭಾರಕ್ಕೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲಲ್ಲಿ, ಕಸ ಕೂತಿದೆ. ಲಿವರ್ ಮುಟ್ಟದೆಯೇ ಮೆಲ್ಲಗೆ ಇಳಿಯುತ್ತಿದ್ದರೆ ಲೋಡ್ ಚೆಕ್ ಬೈಯಬೇಡಿ, ಅದು ಸ್ಪೂಲ್ ಸವೆತ ಅಥವಾ ಜಾಕ್ ಪಿಸ್ಟನ್ ಸೀಲ್. ಹೊಸ ವಾಲ್ವಿನಲ್ಲೂ ಸ್ಪೂಲ್ ಸುತ್ತ ಕೂದಲೆಳೆಯ ಸಂದಿ ಇರುತ್ತದೆ, ರಾತ್ರಿಯಿಡೀ ಎತ್ತಿಟ್ಟ ಬಕೆಟ್ ಬೆಳಿಗ್ಗೆ ಒಂದಿಷ್ಟು ಇಳಿದಿದ್ದರೆ ಗಾಬರಿ ಬೇಡ. ಆದರೆ ಎತ್ತಿಟ್ಟು ಹೋಗುವ ಅಭ್ಯಾಸವೇ ಬೇಡ.

ತೋಳನ್ನು ರಭಸದಿಂದ ಇಳಿಸಿದ ಮೇಲೆ ನೆಲಕ್ಕೆ ಒತ್ತಲು ಒಂದೆರಡು ಸೆಕೆಂಡ್ ತಡವಾದರೆ, ಪಂಪ್ ತುಂಬುವುದಕ್ಕಿಂತ ಬೇಗ ಜಾಕ್ ಇಳಿದು ರಾಡ್ ಕಡೆ ಖಾಲಿಯಾಗಿದೆ. ಬುಡದ ಲೈನ್‌ಗೆ ಒಂದು ಕಡೆ ಮಾತ್ರ ತಡೆಯುವ ರಿಸ್ಟ್ರಿಕ್ಟರ್ ಹಾಕಿ, ಎತ್ತುವಾಗ ಸಲೀಸು, ಇಳಿಯುವಾಗ ನಿಧಾನ. ಪಂಪ್ ಕಿರುಗುಟ್ಟಿ ಎಣ್ಣೆ ನೊರೆಯಾದರೆ ಮಟ್ಟ ಕಡಿಮೆ ಅಥವಾ ಎಳೆಯುವ ಕಡೆ ಗಾಳಿ.

ಲೋಡರ್ ಬಿಚ್ಚಿಡುವಾಗ

ಉಳುಮೆ ಕಾಲದಲ್ಲಿ ಲೋಡರ್ ಬಿಚ್ಚಿಡುವವರು ವಾಲ್ವನ್ನು ಟ್ರಾಕ್ಟರ್‌ನಲ್ಲೇ ಬಿಟ್ಟು ಜಾಕ್‌ಗೆ ಹೋಗುವ ನಾಲ್ಕು ಲೈನ್‌ಗಳಿಗೆ ಮಾತ್ರ ಕ್ವಿಕ್ ಕಪ್ಲರ್ ಹಾಕಿಸಿ. ಬಿಡಿಸಿದ ಕೂಡಲೇ ಮುಚ್ಚಳ ಹಾಕಿ, ಜಾಕ್‌ಗಳನ್ನು ಬಿಸಿಲಿನಲ್ಲಿ ಬಿಡಬೇಡಿ. ಒಳಗೆ ಸಿಕ್ಕ ಎಣ್ಣೆ ಬಿಸಿಗೆ ಹಿಗ್ಗಿದರೆ ಕಪ್ಲರ್ ಮತ್ತೆ ಕೂರುವುದಿಲ್ಲ.

ವಾಲ್ವ್ ಲೋಡರ್ ಜೊತೆಗೇ ಹೊರಬರುವಂತೆ ಕಟ್ಟಿದ್ದರೆ ಪಿ ಮತ್ತು ಪಿಬಿ ಲೈನ್‌ಗಳಲ್ಲೂ ಕಪ್ಲರ್ ಇರಲೇಬೇಕಾಗುತ್ತದೆ. ಬಿಡಿಸಿದ ಕಪ್ಲರ್ ತಾನೇ ಮುಚ್ಚಿಕೊಳ್ಳುತ್ತದೆ. ಪಂಪಿನ ಮುಂದೆ ಕೋಡಿಯೇ ಇಲ್ಲದ ಗೋಡೆ ಅದು. ಹಾಗೆಯೇ ಎಂಜಿನ್ ಶುರು ಮಾಡಿದರೆ ಪಂಪಿನ ಶಾಫ್ಟೋ ಬಾಡಿಯೋ ಹೋಗಲು ಒಂದು ಕ್ಷಣ ಸಾಕು. ಟ್ರಾಕ್ಟರ್ ಕಡೆ ಉಳಿದ ಆ ಎರಡು ತುದಿಗಳು ಒಂದಕ್ಕೊಂದು ಸೇರುವಂತೆ ಒಂದು ಗಂಡು, ಒಂದು ಹೆಣ್ಣು ಕಪ್ಲರ್ ಹಾಕಿಸಿ, ಎರಡಕ್ಕೂ ಕೆಂಪು ಬಣ್ಣ ಬಳಿಯಿರಿ. ಮನೆಯಲ್ಲಿ ಟ್ರಾಕ್ಟರ್ ಮುಟ್ಟುವ ಪ್ರತಿಯೊಬ್ಬರಿಗೂ ಅದನ್ನು ತೋರಿಸಿ: ಕೆಂಪು ಎರಡೂ ಕೂಡಿಕೊಂಡಿದ್ದರೆ ಮಾತ್ರ ಕೀ ತಿರುಗಿಸುವುದು.